ಎರಡಾಳು ನೀರಿನ ಕೆಳಗೆ

೫ ಜನವರಿ ೧೯೮೬, ರವಿವಾರ

ಇಳಕಲ್ಲಿನ ರೇಡಿಯೋ ರಿಪೇರಿ ಅಂಗಡಿಯ ಮುರ್ತುಜಸಾಬ ಈ ಡೈರಿ ಕೊಟ್ಟ. ಮುಖಪುಟದ ಮೇಲೆ ಟ್ರ್ಯಾಕ್ಟರ್ ಬ್ಯಾಟರಿಯ ಚಿತ್ರ. ಸಂಘದ ಠರಾವು ಬರೆದೇ ಕೈ ಸೋತಿರುವಾಗ ಇನ್ನೊಂದು ಬರವಣಿಗೆ ಯಾಕೆ ಬೇಕಿತ್ತೋ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಅದಕ್ಕೇ ಇರಬೇಕು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು ನಾನು. ಖಾಲಿ ಹಾಳೆ ಕಂಡರೆ ಸುಮ್ಮನಿರಲು ಆಗುವುದಿಲ್ಲ.

ಬರೆಯುವಂಥ ಸುದ್ದಿಯೂ ಇದೆ. ನಾನು ಕಾರ್ಯದರ್ಶಿಯಾಗಿರುವ ಅಂಬಿನಾಳ ಮೀನುಗಾರರ ಸಂಘಕ್ಕೆ ಮೀನು ಹುಡುಕುವ ಯಂತ್ರ ಮಂಜೂರಾಗಿದೆ. ದೋಣಿಯ ತಳದಿಂದ ಅದು ನೀರೊಳಗೆ ಸಪ್ಪಳ ಬಿಡುತ್ತದಂತೆ. ಆ ಸಪ್ಪಳ ಮೀನಿಗೋ ಕಲ್ಲಿಗೋ ನೆಲಕ್ಕೋ ಬಡಿದು ತಿರುಗಿ ಬಂದಾಗ ಕೆಳಗೆ ಏನಿದೆ ಎಂದು ತೋರಿಸುತ್ತದಂತೆ. ನಮ್ಮ ಮುದುಕರು ಇದನ್ನು ಕೇಳಿ ಬಾಯಿಯೊಳಗಿನ ತಂಬಾಕು ಉಗುಳಿ ನಕ್ಕರು.

ನಗಲಿ. ಹಳೇ ಅಂಬಿನಾಳ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಎರಡೂವರೆ ವರ್ಷವಾಯಿತು. ಮೀನು ನಿಲ್ಲುವುದು ಅಲ್ಲಿಯೇ, ಮುಳುಗಿದ ಗೋಡೆಗಳ ಸಂದಿಯಲ್ಲಿ. ಬಲೆ ಹರಿಯುವುದೂ ಅಲ್ಲಿಯೇ. ಹೊಳೆಯ ಒಂದೊಂದು ಮಡುವನ್ನೂ ಹೆಸರು ಹಿಡಿದು ಕರೆಯುತ್ತಿದ್ದ ಅಂಬಿಗರು ನಾವು, ಈಗ ಬಲೆ ಬಿಟ್ಟ ಜಾಗದ ಕೆಳಗೆ ಏನಿದೆ ಎಂದು ಗೊತ್ತಿಲ್ಲದೆ ಕೂತಿದ್ದೇವೆ. ದಂಡೆಯ ಗುರುತುಗಳೆಲ್ಲ ಹೋದವು. ಊರು ಎಲ್ಲಿತ್ತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ಮಾಡುತ್ತಾರೆ.

ಯಂತ್ರ ಬೇಕೆಂದು ಅರ್ಜಿ ಬರೆದವನು ನಾನು. ಮೀನಿಗಾಗಿ ಬರೆದೆ. ಬೇರೆ ಕಾರಣವಿಲ್ಲ.

೧೨ ಜನವರಿ, ರವಿವಾರ

ಪದ್ಮವ್ವ ಎರಡು ರೊಟ್ಟಿ, ಪುಂಡಿಪಲ್ಯ ಕಳಿಸಿದ್ದಳು. ನನ್ನ ಗೆಳೆಯ ಹುಲ್ಲಪ್ಪನ ಹೆಂಡತಿ ಈಕೆ. ಹಳೇ ಊರಿನಲ್ಲಿ ಅವರದೂ ನಮ್ಮದೂ ಒಂದೇ ನಡುಗೋಡೆ, ಹೊಸ ಊರಿನಲ್ಲಿ ಪಕ್ಕದ ಪ್ಲಾಟು. ರೊಟ್ಟಿ ನಡುವೆ ಹರಿದಿತ್ತು. ಗಿರಣಿಯ ಹಿಟ್ಟಿಗೆ ಜಿಗಿ ಇಲ್ಲ ಎಂದು ಬೈಯುತ್ತಲೇ ತಟ್ಟುತ್ತಾಳೆ, ಬೈಯುತ್ತಲೇ ಕಳಿಸುತ್ತಾಳೆ. ಬುಟ್ಟಿ ತಿರುಗಿ ಒಯ್ಯಲು ಬಂದಾಗ, ಇನ್ನೆಷ್ಟು ವರ್ಷ ಮಂದಿ ಮನೆ ರೊಟ್ಟಿ ತಿನ್ನುತ್ತೀ ಎಂದು ಕೇಳಿದಳು. ಕೇಳಿಸದವನ ಹಾಗೆ ಒಳಗೆ ಹೋದೆ.

ಅವಳು ತವರೂರು ಗುಡೂರಿಗೆ ಹೋಗಿ, ಬರುವ ನಾಗರ ಪಂಚಮಿಗೆ ಮೂರು ವರ್ಷ. ಅವಳು ಎಂದರೆ ನನ್ನ ಹೆಂಡತಿ.

ಒಮ್ಮೆ ಬರೆದುಬಿಡುತ್ತೇನೆ, ನ್ಯಾಯ ಯಾರ ಕಡೆ ಇದೆ ಎಂದು ಹಾಳೆಯೇ ಹೇಳಲಿ. ಊರು ಬಿಡುವಾಗ ಮನೆಗೊಂದು ಸಲ ಸರಕಾರದ ಲಾರಿ. ನಮ್ಮ ಪಾಳಿ ಬಂದಾಗ ನಾನು ಸಂಘದ ಬಲೆ, ತಕ್ಕಡಿ, ದಫ್ತರದ ಪೆಟ್ಟಿಗೆ ಹೇರಿದೆ. ಕಾರ್ಯದರ್ಶಿಯಾದವನು ಮಾಡಬೇಕಾದದ್ದೇ ಅದು. ಅವಳು ಬೇಡಿದ್ದು ಒಂದೇ, ತವರಿನಿಂದ ಬಂದ ಬೀಸುಕಲ್ಲು. ಎರಡನೇ ಸಲ ತರೋಣ ಎಂದೆ. ಎರಡನೇ ಸಲ ಲಾರಿ ಬರಲಿಲ್ಲ, ನೀರು ಬಂತು. ಹೊಸ ಊರಿಗೆ ಬಂದು ಅವಳು ಅತ್ತಾಗ ನಾನು ಅಂದದ್ದು ಇಷ್ಟೇ: "ಊರಾಗ ಗಿರಣಿ ಐತಲ್ಲ. ಕಲ್ಲು ಅಂದ್ರ ಕಲ್ಲು. ಅದಕ್ಯಾಕ ಅಳಬೇಕು?"

ಆ ಶ್ರಾವಣದಲ್ಲಿ ಅವಳ ಅಣ್ಣ ಶಂಕ್ರಪ್ಪ ಪಂಚಮಿಗೆ ಕರೆಯಲು ಬಂದ. ಎಲ್ಲ ಹೆಣ್ಣುಮಕ್ಕಳೂ ಪಂಚಮಿಗೆ ತವರಿಗೆ ಹೋಗುತ್ತಾರೆ, ಹಬ್ಬ ಮುಗಿದ ಮೇಲೆ ಗಂಡ ಹೋಗಿ ಕರೆತರುತ್ತಾನೆ. ಹೊಸ್ತಿಲು ದಾಟುವಾಗ ಅವಳು ತಿರುಗಿ ನಿಂತು ಅಂದಳು: "ಕಲ್ಲು ತಗದ ಮ್ಯಾಲ ಕರೀಲಾಕ ಬರ್ರಿ."

ನೀರಿನ ತಳದ ಕಲ್ಲು ತೆಗೆದು ಬಾ ಎಂದರೆ ಬರಲೇಬೇಡ ಎಂದ ಹಾಗೆ. ಅಂಥ ಮಾತು ಕೇಳಿಸಿಕೊಂಡು ಯಾವ ಗಂಡಸು ಹೋಗುತ್ತಾನೆ. ನಾನು ಹೋಗಲಿಲ್ಲ. ಅವಳೂ ಬರಲಿಲ್ಲ.

೨೮ ಜನವರಿ, ಮಂಗಳವಾರ

ಇಳಕಲ್ಲಿಗೆ ಹೋಗಿ ಯಂತ್ರ ಆರಿಸಿದೆವು. ಸಮುದ್ರದ ಕಡೆ ದೋಣಿಗಳಲ್ಲಿ ದುಡಿದ ಎರಡು ಯಂತ್ರಗಳನ್ನು ಮುರ್ತುಜಸಾಬ ತರಿಸಿದ್ದ. ಒಂದರಲ್ಲಿ ದುಂಡನೆಯ ಗಾಜು, ಒಳಗೆ ಕೆಂಪು ದೀಪ ಗರಗರ ತಿರುಗುತ್ತದೆ. ನೆಲ ಸಿಕ್ಕಲ್ಲಿ ಒಮ್ಮೆ, ಮೀನು ಸಿಕ್ಕಲ್ಲಿ ಒಮ್ಮೆ ಮಿಣುಕುತ್ತದೆ. ಬ್ಯಾಟರಿ ಕಡಿಮೆ ತಿನ್ನುತ್ತದೆ, ತೂಕವೂ ಹಗುರ. ಇನ್ನೊಂದು ಕಬ್ಬಿಣದ ಪೆಟ್ಟಿಗೆ. ಒಳಗೆ ಕಾಗದದ ಸುರುಳಿ, ಅದರ ಮೇಲೆ ಒಂದು ಸೂಜಿ ಓಡಾಡಿ ಸುಟ್ಟ ಗೆರೆ ಎಳೆಯುತ್ತದೆ. ದೋಣಿ ಮುಂದೆ ಹೋದಂತೆ ನೀರಿನ ತಳದ ಏರು ತಗ್ಗುಗಳು ಕಾಗದದ ಮೇಲೆ ಮೂಡುತ್ತವೆ.

ಹುಲ್ಲಪ್ಪನಿಗೆ ದೀಪದ್ದು ಹಿಡಿಸಿತು. ಯಂತ್ರ ಕೂಡುವುದು ಅವನ ದೋಣಿಯಲ್ಲಿ, ಹಾಗಾಗಿ ಅವನ ಮಾತಿಗೆ ಬೆಲೆ ಇತ್ತು. ಆದರೂ ನಾನು ಕಾಗದದ್ದೇ ಆಗಬೇಕೆಂದು ಪಟ್ಟು ಹಿಡಿದೆ. ದೀಪ ಆರಿದರೆ ಕಂಡದ್ದೂ ಹೋಯಿತು, ಕಾಗದ ಉಳಿಯುತ್ತದೆ, ಮನೆಗೆ ತಂದು ಮತ್ತೆ ಮತ್ತೆ ನೋಡಬಹುದು ಎಂದೆ. ಮೀನನ್ನು ಮನೆಗೆ ತಂದು ಏನು ನೋಡುತ್ತೀ, ಸಾರು ಮಾಡುತ್ತಾರೆ ಎಂದ ಹುಲ್ಲಪ್ಪ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಕಾಗದದ ಅಂಚಿನ ಅಳತೆ ಮೀಟರಿನಲ್ಲಿಲ್ಲ. ಸಮುದ್ರದವರ ಲೆಕ್ಕ, ಒಂದೊಂದು ಗೆರೆಗೆ ಆರಾರು ಅಡಿ. ನಮ್ಮ ಅಂಬಿಗರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ: ಒಂದಾಳು ನೀರು, ಎರಡಾಳು ನೀರು. ಎಲ್ಲಿಯದೋ ಯಂತ್ರ ನಮ್ಮ ಮುದುಕರ ಹಾಗೆ ಅಳೆಯುವುದನ್ನು ಕಂಡು ಅದರ ಮೇಲೆ ಪ್ರೀತಿ ಹುಟ್ಟಿತು.

ಗುಡೂರಿನ ಬಸ್ಸು ಅಂಗಡಿಯ ಮುಂದೆಯೇ ಹೋಯಿತು. ನೋಡಿದೆ ಅಷ್ಟೇ.

೧೬ ಫೆಬ್ರವರಿ, ರವಿವಾರ

ಇವತ್ತು ಜಗಳ. ಯಂತ್ರದ ಕಿವಿ ಎಂದರೆ ಒಂದು ಕರಿಯ ರಬ್ಬರಿನ ಗುಂಡು, ಅಂಗೈ ಅಗಲ. ಅದು ಸದಾ ನೀರಿನಲ್ಲಿರಬೇಕು, ಮುಖ ಕೆಳಗಿರಬೇಕು. ಹೀಗಾಗಿ ದೋಣಿಯ ತಳಕ್ಕೆ ತೂತು ಕೊರೆದು ಕೂಡಿಸಬೇಕೆಂದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿದೆ. ಹುಲ್ಲಪ್ಪ ಕೊರೆಯುವ ಬೈರಿಗೆಯನ್ನೇ ಕಸಿದುಕೊಂಡು ಹೋಗಿ ಬೇವಿನ ಕೆಳಗೆ ಕೂತ.

"ನೀರ ಒಳಗ ಬರಬಾರದಂತ ಜನ್ಮಾ ಎಲ್ಲಾ ತಳಕ್ಕ ಡಾಂಬರ ಬಳದೇನಿ. ಈಗ ನನ್ನ ಕೈಲೇ ತೂತ ಹೊಡಸ್ತಿ ಏನು?"

ನಾನೂ ಬಿಡಲಿಲ್ಲ. ಪುಸ್ತಕ ತೋರಿಸಿದೆ, ಚಿತ್ರ ತೋರಿಸಿದೆ. ಮುಲ್ಕಿ ಪಾಸಾದವನೆಂದು ಹೇಳುವುದೊಂದು ಬಾಕಿ ಇತ್ತು, ಅದನ್ನೂ ಹೇಳಿದೆ. ಕೊನೆಗೆ ಪದ್ಮವ್ವ ಬಂದು, ದೋಣಿ ಸಂಘದ ಕೆಲಸಕ್ಕೆ ಬಂದರೆ ಒಳ್ಳೆಯದೇ ಎಂದು ಗಂಡನ ಕೈಗೆ ಬೈರಿಗೆ ಕೊಟ್ಟಳು. ಕೊರೆಯುವಾಗ ಅವನ ಮುಖ ನೋಡಲಾಗಲಿಲ್ಲ.

೨೩ ಫೆಬ್ರವರಿ, ರವಿವಾರ

ಗುಂಡು ಕೂತಿತು. ಸುತ್ತಲಿನ ಸಂದಿಗೆ ಹತ್ತಿ, ಡಾಂಬರು ತುಂಬಿದೆವು. ನನಗೆ ಆದರೂ ಧೈರ್ಯವಿಲ್ಲ. ಒಂದು ಹನಿ ಒಳಗೆ ಬಂದರೆ ಊರು ನನ್ನನ್ನೇ ಅನ್ನುತ್ತದೆ. ದೋಣಿಯ ತಳಕ್ಕೆ ಗೋಣಿತಟ್ಟನ್ನು ಕಾದ ಡಾಂಬರಿನಲ್ಲಿ ಅದ್ದಿ ಹೊದಿಸುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ತೂತಿನ ಕಡೆ ಎರಡು ಪದರ ಹಾಕು, ಒಂದು ಚೂರೂ ಬಿಡಬೇಡ ಎಂದು ನಾನೇ ನಿಂತು ಹಾಕಿಸಿದೆ. ತಳ ಒಂದೇ ಸಮ ಕಪ್ಪಗೆ ಹೊಳೆಯಿತು. ಹೊಳೆಯ ತಾಯಿ ಗಂಗವ್ವನಿಗೆ ಉಡಿ ತುಂಬಿ, ಕಾಯಿ ಒಡೆದು ದೋಣಿಯನ್ನು ನೀರಿಗೆ ಇಳಿಸಿದೆವು. ಒಂದು ಹನಿಯೂ ಬರಲಿಲ್ಲ.

೯ ಮಾರ್ಚ್, ರವಿವಾರ

ಯಂತ್ರ ಕುರುಡು. ಹದಿನೈದು ದಿನದಿಂದ ಹಿನ್ನೀರೆಲ್ಲ ತಿರುಗಿದೆವು. ಕಾಗದದ ಮೇಲಿನ ಅಂಚಿಗೆ ಒಂದು ಕಪ್ಪು ಮಸಿ ಬಿಟ್ಟರೆ ಏನೂ ಇಲ್ಲ. ನೆಲವೂ ಇಲ್ಲ, ಮೀನೂ ಇಲ್ಲ. ಮುದುಕರು ಈಗ ನಗುವುದನ್ನೂ ಬಿಟ್ಟಿದ್ದಾರೆ, ನನ್ನನ್ನು ಕಂಡರೆ ಮರುಕದಿಂದ ಬೀಡಿ ಕೊಡುತ್ತಾರೆ. ಅದು ಇನ್ನೂ ಕಷ್ಟ.

ಮುರ್ತುಜಸಾಬನಿಗೆ ಕಾಗದ ಬರೆದೆ. ಸಮುದ್ರದವರು ಎಸೆದದ್ದನ್ನು ನಮ್ಮ ಕೊರಳಿಗೆ ಕಟ್ಟಿದ್ದೀ, ಸ್ನೇಹದ ಹೆಸರಿನಲ್ಲಿ ಮೋಸ ಮಾಡಿದ್ದೀ ಎಂದು ಬರೆದೆ. ಎರಡು ಹಾಳೆ ಆಯಿತು. ಓದಿ ನೋಡಿದೆ, ಚೆನ್ನಾಗಿಯೇ ಬಂದಿದೆ.

೧೨ ಮಾರ್ಚ್

ಕಾಗದ ಅಂಚೆಗೆ ಹಾಕಿದೆ. ರೊಟ್ಟಿ ನಾನೇ ತಟ್ಟಲು ನೋಡಿದೆ. ನೆಲಕ್ಕೆ ಅಂಟಿತು.

೩೦ ಮಾರ್ಚ್, ರವಿವಾರ

ಮುರ್ತುಜಸಾಬ ತಾನೇ ಬಂದ. ಹುನಗುಂದದವರೆಗೆ ಬಸ್ಸು, ಅಲ್ಲಿಂದ ಯಾರದೋ ಟ್ರ್ಯಾಕ್ಟರ್, ಕೈಯಲ್ಲಿ ಸಾಮಾನಿನ ಚೀಲ. ನನ್ನ ಕಾಗದದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಯಂತ್ರ ಬಿಚ್ಚಿ ನೋಡಿದ, ತಂತಿ ನೋಡಿದ, ಬ್ಯಾಟರಿ ನೋಡಿದ. ಎಲ್ಲ ಸರಿ ಇತ್ತು. ಆಮೇಲೆ ಲುಂಗಿ ಮೇಲೆ ಕಟ್ಟಿ ನೀರಿಗಿಳಿದು ದೋಣಿಯ ತಳಕ್ಕೆ ಕೈ ಹಾಕಿದ. ಬಹಳ ಹೊತ್ತು ಸವರಿದ.

"ಕಾರ್ಯದರ್ಶಿಗಳ, ಗುಂಡು ಎಲ್ಲೈತ್ರಿ?"

ಗೋಣಿತಟ್ಟಿನ ಕೆಳಗೆ ಎಂದೆ.

"ಕಿವಿ ಮ್ಯಾಲ ಎರಡು ಕಂಬಳಿ ಹೊಚ್ಚೀರಿ. ಅದಕ್ಕ ಏನ ಕೇಳಬೇಕ್ರಿ ಪಾಪ?"

ದೋಣಿಯನ್ನು ದಂಡೆಗೆಳೆದು ಮಗುಚಿ, ಗುಂಡಿನ ಮೇಲಿನಷ್ಟು ತಟ್ಟನ್ನು ಚಾಕುವಿನಿಂದ ಕೊರೆದು ತೆಗೆದ. ಗೋಣಿಯ ಎಳೆಗಳಲ್ಲಿ ಗಾಳಿ ನಿಲ್ಲುತ್ತದೆ, ಸಪ್ಪಳ ಅದನ್ನು ದಾಟುವುದಿಲ್ಲ ಎಂದು ತಿಳಿಸಿ ಹೇಳಿದ. ಸೀಮೆಎಣ್ಣೆಯಿಂದ ಗುಂಡನ್ನು ಒರೆಸುವಾಗ ಹಸುಗೂಸಿನ ಮುಖ ಒರೆಸಿದ ಹಾಗೆ ಒರೆಸಿದ. ಮತ್ತೆ ನೀರಿಗೆ ಬಿಟ್ಟು ಸ್ವಿಚ್ ಹಾಕಿದ ಕೂಡಲೇ ಸೂಜಿ ಓಡಿತು. ಸುಟ್ಟ ಕಾಗದದ ವಾಸನೆ ಬಂತು. ಒಂದೂವರೆ ಆಳಿನ ಕೆಳಗೆ ನೆಲದ ಗೆರೆ ಮೂಡಿತು.

ಹುಲ್ಲಪ್ಪ ನನ್ನ ಕಡೆ ನೋಡಲಿಲ್ಲ, ದೊಡ್ಡವನು. ಒಂದು ಚೂರೂ ಬಿಡಬೇಡ ಎಂದವನು ನಾನೇ. ಮುರ್ತುಜಸಾಬ ಉಂಡು ಹೊರಟಾಗ ಏನಾದರೂ ಹೇಳಬೇಕೆಂದುಕೊಂಡೆ. ಬಸ್ಸಿಗೆ ಹೊತ್ತಾಗುತ್ತದೆ ಎಂದಷ್ಟೇ ಹೇಳಿದೆ.

೨ ಏಪ್ರಿಲ್, ಬುಧವಾರ

ಮುರ್ತುಜಸಾಬನಿಗೆ ಇನ್ನೊಂದು ಕಾಗದ. ನಾಲ್ಕು ಸಲ ಬರೆದು ಹರಿದೆ. ಠರಾವಿನ ಭಾಷೆ ಬರುತ್ತಿತ್ತು: ‘ತಾಂತ್ರಿಕ ಅಡಚಣೆಯಿಂದಾಗಿ’, ‘ಕಾರಣಾಂತರದಿಂದ’. ಐದನೇ ಸಲ ಒಂದೇ ಸಾಲು ಬರೆದೆ: ತಪ್ಪು ನನ್ನದು, ನಿನ್ನನ್ನು ಅಂದದ್ದು ನೆನೆಸಿದರೆ ಊಟ ಸೇರುತ್ತಿಲ್ಲ.

ಇಂಥ ಕಾಗದ ಹಿಂದೆ ಯಾರಿಗೂ ಬರೆದ ನೆನಪಿಲ್ಲ.

೧೭ ಏಪ್ರಿಲ್, ಗುರುವಾರ

ಯಂತ್ರದ ಗೆರೆ ಓದಲು ಬರುತ್ತಿದೆ. ದಪ್ಪ ಕಪ್ಪು ಗೆರೆ ಎಂದರೆ ಗಟ್ಟಿ ನೆಲ. ತೆಳ್ಳಗೆ ಬೂದಿ ಬಣ್ಣ ಹರಡಿದರೆ ಕೆಸರು. ಮೀನು ಮೂಡುವುದು ಸಣ್ಣ ಕುಡಗೋಲಿನ ಆಕಾರದಲ್ಲಿ. ಇವತ್ತು ಕುಡಗೋಲುಗಳ ಒಂದು ಗುಂಪೇ ಬಂತು. ಹುಲ್ಲಪ್ಪ ಬಲೆ ಬಿಟ್ಟ. ಎಂಟು ಕಟ್ಲಾ ಮೀನು, ಒಂದೊಂದೂ ತೋಳುದ್ದ. ಬಲೆ ಎಲ್ಲಿಯೂ ಹರಿಯಲಿಲ್ಲ. ಬೀಡಿ ಕೊಡುತ್ತಿದ್ದ ಮುದುಕರೇ ಬಂದು ಮುಂದಿನ ಸಲ ನಮ್ಮನ್ನೂ ಕೂಡಿಸಿಕೊ ಎಂದರು.

ಸಂಘದ ಕೆಲಸ ಇಲ್ಲಿಗೆ ಆಯಿತೆನ್ನಬಹುದು. ಆದರೂ ಮೀನಿಲ್ಲದ ಕಡೆಗೂ ನಾಲ್ಕು ಸಲ ದೋಣಿ ಹೊಡೆಸಿದೆ. ತಳದಲ್ಲಿ ಅಡಚಣೆ ಏನಿವೆ ಎಂದು ಗುರುತು ಮಾಡಿಕೊಂಡರೆ ಬಲೆಗೆ ಒಳ್ಳೆಯದು.

೪ ಮೇ, ರವಿವಾರ

ನೀರು ದಿನಾ ಇಳಿಯುತ್ತಿದೆ. ಹಳೇ ಊರು ಹೊಳೆಯ ತಗ್ಗಿನಲ್ಲಿತ್ತು, ಎಷ್ಟು ಇಳಿದರೂ ಮೇಲೆ ಕಾಣುವುದಿಲ್ಲ. ಆದರೆ ಬೀರಪ್ಪನ ಗುಡಿಯ ಕಟ್ಟೆ ಸಿಕ್ಕಿತು. ಕಾಗದದ ಮೇಲೆ ಚೌಕಾಗಿ ಎದ್ದು ನಿಂತ ದಪ್ಪ ಗೆರೆ. ನಾನು ಬಲೆಯ ಕಡೆ ನೋಡದೆ ಆ ಗೆರೆಯ ಮೇಲೆಯೇ ಬೆರಳಾಡಿಸಿದ್ದು ಹುಲ್ಲಪ್ಪನಿಗೆ ಕಂಡಿತು. ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಲೇ ಅಮಾತೆಪ್ಪಾ, ನೀ ಮೀನ ಹುಡುಕಾಕತ್ತಿಲ್ಲ. ಮನಿ ಹುಡುಕಾಕತ್ತಿ."

ಹೌದು ಎಂದೆ. ಮೂರು ವರ್ಷದಲ್ಲಿ ಯಾರ ಮುಂದೆಯೂ ಆಡದ ಮಾತು ಅದು. ಕಲ್ಲು ತೆಗೆಯಬೇಕು ಎಂದೆ. ಹುಚ್ಚ ಎನ್ನುತ್ತಾನೆ ಅಂದುಕೊಂಡಿದ್ದೆ. ಅವನು ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, ಗುಡಿಯಿಂದ ನಮ್ಮ ಓಣಿ ಮೂಡಣಕ್ಕೆ ಅಲ್ಲವೇನು ಎಂದು ಹುಟ್ಟು ಎತ್ತಿದ.

೧೮ ಮೇ, ರವಿವಾರ

ಕಾಗದದ ತುಂಡುಗಳನ್ನೆಲ್ಲ ಅಂಬಲಿ ಹಚ್ಚಿ ಒಂದಕ್ಕೊಂದು ಅಂಟಿಸಿದ್ದೇನೆ. ಬಾಗಿಲಿನಿಂದ ಒಲೆಯವರೆಗೆ ಬರುತ್ತದೆ. ಅದರ ಮೇಲೆ ಬಗ್ಗಿ ಕೂತರೆ ಊಟದ ನೆನಪಿರುವುದಿಲ್ಲ. ಇದು ಓಣಿ, ಇದು ಬಾವಿ ಕಟ್ಟೆ, ಇದು ಬಿದ್ದ ಗೋಡೆಯ ಗುಪ್ಪೆ.

ಬೆಳಗಿನ ಜಾವ ನಾನು ಏಳುವ ಮೊದಲೇ ಬೀಸುವ ಸಪ್ಪಳ ಕೇಳುತ್ತಿತ್ತು. ಪದ್ಮವ್ವ ನಮ್ಮ ಮನೆಗೇ ಬರುತ್ತಿದ್ದಳು. ಇಬ್ಬರೂ ಎದುರು ಬದುರು ಕೂತು ಒಂದೇ ಕಲ್ಲು ತಿರುವುತ್ತಾ ಹಾಡುತ್ತಿದ್ದರು. ಒಬ್ಬಳು ಬಿಟ್ಟಲ್ಲಿ ಇನ್ನೊಬ್ಬಳು ಹಿಡಿಯುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಆ ಸಪ್ಪಳವೇ ಎಲ್ಲ ಆಗಿತ್ತು. ನಾನು ಹೊದ್ದುಕೊಂಡೇ ಇರುತ್ತಿದ್ದೆ, ನಿದ್ದೆ ಹಾಳಾಯಿತೆಂದು ಗೊಣಗುತ್ತಿದ್ದೆ. ಇಪ್ಪತ್ತೆರಡು ವರ್ಷ ಕೇಳಿದ್ದೇನೆ. ಈಗ ಆ ಒಂದು ಸಪ್ಪಳಕ್ಕಾಗಿ ನೀರಿಗೆ ಕಿವಿ ಹಚ್ಚಿ ಕೂತಿದ್ದೇನೆ. ನನ್ನ ಹೆಂಡತಿ ರೇಣವ್ವನ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಹಾಡು ನೆನಪಾಯಿತು, ದನಿ ಸರಿಯಾಗಿ ಬರಲಿಲ್ಲ.

೨೭ ಮೇ, ಮಂಗಳವಾರ

ಸಿಕ್ಕಿತು. ಜೋಡಿ ಮನೆ, ನಡುವೆ ಎತ್ತರದ ನಡುಗೋಡೆ. ಓಣಿಯಲ್ಲಿ ಅಂಥದ್ದು ಇನ್ನೊಂದಿಲ್ಲ. ಗುಡಿಯ ಕಡೆಯಿಂದ ಹೋದರೆ ಮೊದಲು ಬರುವುದು ನಮ್ಮ ಮನೆ, ಹೀಗಾಗಿ ಕಾಗದದಲ್ಲಿ ಗೋಡೆಯ ಎಡಕ್ಕಿರುವುದು ನಮ್ಮದು. ಎರಡಾಳು ನೀರು. ಸೋರೆಬುರುಡೆಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಕಲ್ಲು ಕಟ್ಟಿ ಗುರುತಿಗೆ ಬಿಟ್ಟು ಬಂದೆವು. ಬುರುಡೆ ಅಲ್ಲಿಯೇ ತೇಲುತ್ತಾ ನಿಂತಿತು, ದಂಡೆಗೆ ಬಂದ ಮೇಲೂ ತಿರುತಿರುಗಿ ನೋಡಿದೆ.

೨೯ ಮೇ, ಗುರುವಾರ

ತೆಗೆದೆವು! ಸೂರ್ಯ ಏರುತ್ತಲೇ ಹುಲ್ಲಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿದ. ಐದು ಸಲ ಬರಿಗೈಲಿ ಬಂದ. ಮೊಳಕಾಲುಮಟ್ಟ ಕೆಸರು, ಕಣ್ಣಿಗೆ ಏನೂ ಕಾಣುವುದಿಲ್ಲ, ಗೋಡೆ ಹಿಡಿದು ಕೈಯಿಂದ ತಡವುತ್ತಾ ಹೋಗಬೇಕು ಎಂದ. ಆರನೇ ಸಲ ಮೇಲೆ ಬಂದವನು ಮಾತಾಡದೆ ಎರಡೂ ಕೈಯಿಂದ ಗಾಳಿಯಲ್ಲಿ ದುಂಡಗೆ ತಿರುವಿ ತೋರಿಸಿದ. ನನಗೆ ಅಳು ಬಂತು. ನೀರಿನ ಮೇಲೆ ಅತ್ತರೆ ಯಾರಿಗೆ ಗೊತ್ತಾಗುತ್ತದೆ.

ಕೆಳಗಲ್ಲು ನೆಲದಲ್ಲಿ ಹೂತು ಕೂತಿದೆ, ಅಲುಗಲಿಲ್ಲ. ಮೇಲ್ಗಲ್ಲನ್ನು ಹಗ್ಗಕ್ಕೆ ಬಿಗಿದು ಎಳೆದೆವು. ಹಿಡಿದು ತಿರುವುವ ಗೂಟ ಕೊಳೆತು ಹೋಗಿ, ಗೂಟದ ತೂತಿನಲ್ಲಿ ಕೆಸರು ತುಂಬಿತ್ತು. ತೊಳೆದೆ. ಅದೇ ಕರಿಕಲ್ಲು, ಅದೇ ಬಾಯಿ. ಇಪ್ಪತ್ತೆರಡು ವರ್ಷ ಮನೆಯಲ್ಲಿ ನೋಡಿದ್ದಲ್ಲವೇ.

ಪದ್ಮವ್ವನ ಕಣ್ಣಿಗೆ ಬಿದ್ದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. ಅವಳಿಗೂ ಹೇಳಬೇಡ ಎಂದು ಹುಲ್ಲಪ್ಪನಿಂದ ಮಾತು ತೆಗೆದುಕೊಂಡೆ. ದಂಡೆಯಿಂದ ನೇರ ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಇಳಕಲ್ಲಿಗೆ ಬಂದೆ. ಗುಡೂರಿನ ಬಸ್ಸು ನಿಂತಿತ್ತು. ಬಾಗಿಲ ಹತ್ತಿರ ಹೋದೆ. ಅವರ ಮನೆಯ ಕಟ್ಟೆಯ ಮೇಲೆ ಹತ್ತು ಮಂದಿ ಕೂತಿರುತ್ತಾರೆ. ಮೂರು ವರ್ಷ ಎಲ್ಲಿದ್ದಿ ಎಂದು ಒಬ್ಬ ಕೇಳಿದರೂ ಏನು ಹೇಳಲಿ. ಬಸ್ಸು ಹೋಯಿತು. ಕಲ್ಲನ್ನು ಮುರ್ತುಜಸಾಬನ ಅಂಗಡಿಯಲ್ಲಿಟ್ಟು ತಿರುಗಿ ಬಂದೆ.

೮ ಜೂನ್

ಇಳಕಲ್ಲಿಗೆ ಹೋಗಿದ್ದೆ. ಗುಡೂರಿಗೆ ಹೋಗಲಿಲ್ಲ.

೨೨ ಜೂನ್

ಮಳೆ. ಹೋಗಲಿಲ್ಲ.

೬ ಜುಲೈ

ನೀರು ಏರುತ್ತಿದೆ. ಸೋರೆಬುರುಡೆ ಹರಿದುಕೊಂಡು ಹೋಯಿತು. ಹುಲ್ಲಪ್ಪ ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತೇನೆ.

೨ ಆಗಸ್ಟ್, ಶನಿವಾರ

ಮುರ್ತುಜಸಾಬನ ಕಾರ್ಡು ಬಂದಿದೆ. ಅಂಗಡಿಗೆ ಬಂದವರೆಲ್ಲ ನಿಮ್ಮ ಕಲ್ಲಿಗೆ ಎಡವುತ್ತಿದ್ದಾರೆ, ಪಂಚಮಿಯೊಳಗೆ ಒಯ್ಯದಿದ್ದರೆ ನಾನೇ ಗುಡೂರಿಗೆ ಹೋಗಿ ರೇಣವ್ವ ತಂಗಿಗೆ ಕೊಟ್ಟು ಬರುತ್ತೇನೆ ಎಂದು ಬರೆದಿದ್ದಾನೆ. ಎರಡು ತಿಂಗಳಿನಿಂದ ಕಾಯ್ದವನಿಗೆ ಈಗ ಅವಸರ. ಅವನ್ಯಾಕೆ ಒಯ್ಯಬೇಕು. ಕಲ್ಲು ನಮ್ಮ ಮನೆಯದು.

೮ ಆಗಸ್ಟ್, ಶುಕ್ರವಾರ. ಗುಡೂರು

ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. ಎಲ್ಲರ ಮಡಿಲಲ್ಲೂ ಗಂಟು, ಕೂಸು. ನನ್ನ ಕಾಲ ನಡುವೆ ಕಲ್ಲು. ಪಂಚಮಿ ಎರಡು ದಿನ ಇರುವಾಗ ಹೆಂಡತಿಯನ್ನು ತವರಿನಿಂದ ಕರೆತರಲು ಹೊರಟ ಗಂಡಸು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅದು ತಲೆಗೆ ಹೊಳೆದದ್ದೂ ಬಸ್ಸು ಅರ್ಧ ದಾರಿ ಬಂದ ಮೇಲೆ. ಪಕ್ಕದ ಮುದುಕಿ, ನೀನೂ ತವರಿಗೆ ಹೊರಟೆಯಾ ಎಂದು ಕೇಳಿದಾಗ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಅಂದುಕೊಂಡ ಹಾಗೆಯೇ ಕಟ್ಟೆಯ ಮೇಲೆ ಮಂದಿ ಇದ್ದರು. ಶಂಕ್ರಪ್ಪ ಎದ್ದು ನಿಂತು, ಬರ್ರಿ, ಒಳಗ ಬರ್ರಿ ಎಂದದ್ದು ಬಿಟ್ಟರೆ ಯಾರೂ ಏನೂ ಕೇಳಲಿಲ್ಲ. ಕಾಲಿಗೆ ನೀರು ತಂದವಳು ರೇಣವ್ವ. ಬೈತಲೆಯ ಎರಡೂ ಕಡೆ ಕೂದಲು ಬೆಳ್ಳಗಾಗಿದೆ. ಅಲ್ಲಿಯವರೆಗೆ ನಾನು ಮನಸ್ಸಿನಲ್ಲಿ ಏನೇನು ಜೋಡಿಸಿಕೊಂಡಿದ್ದೆನೋ ಎಲ್ಲ ಹೋಯಿತು. ಗೋಣಿಚೀಲ ಬಿಚ್ಚಿ ಕಲ್ಲನ್ನು ಅವಳ ಮುಂದೆ ಇಟ್ಟೆ.

ಅವಳು ಕೊಡ ಕೆಳಗಿಟ್ಟು ಕೂತಳು. ಸೆರಗಿನಿಂದ ಕಲ್ಲು ಒರೆಸಿದಳು. ಅಂಚಿನ ಗುಂಟ ಬೆರಳು ಹೋಯಿತು, ಗೂಟದ ತೂತಿಗೆ ಬಂದು ನಿಂತಿತು, ಮತ್ತೆ ಸುತ್ತು ಹಾಕಿತು. ಏನನ್ನೋ ಹುಡುಕುವ ಹಾಗೆ ಎರಡು ಮೂರು ಸುತ್ತು ಹಾಕಿತು.

"ಇದು ನಂದಲ್ಲ" ಅಂದಳು. "ನಂದು ಎರಡು ಗೂಟದ್ದು. ಇಬ್ಬರು ಕುಂತು ಬೀಸೋದು. ಇದು ಒಂದ ಗೂಟದ್ದು. ಪದ್ಮವ್ವಂದು."

ಆಗ ನನಗೆ ಹೊಳೆಯಿತು. ಗೋಡೆ ಸಿಕ್ಕ ದಿನ ದೋಣಿ ಗುಡಿಯ ಕಡೆಯಿಂದ ಹೋಗುತ್ತಿರಲಿಲ್ಲ, ಗುಡಿಯ ಕಡೆಗೆ ತಿರುಗಿ ಬರುತ್ತಿತ್ತು. ಹೋಗುವಾಗ ಎಡಕ್ಕೆ ಮೂಡುವುದು ಬರುವಾಗ ಬಲಕ್ಕೆ ಮೂಡುತ್ತದೆ. ಹುಲ್ಲಪ್ಪ ತನ್ನ ಮನೆಯೊಳಗೇ ಮುಳುಗಿ ತನ್ನ ಹೆಂಡತಿಯ ಕಲ್ಲನ್ನೇ ತಂದು ನನಗೆ ಕೊಟ್ಟಿದ್ದಾನೆ. ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಇಬ್ಬರು ಹೆಂಗಸರು ಎದುರು ಬದುರು ಕೂತು ತಿರುವಿದ್ದನ್ನು ಅಷ್ಟು ವರ್ಷ ನೋಡಿ, ಅದಕ್ಕೆ ಎರಡು ಗೂಟ ಬೇಕೆಂಬುದು ನನ್ನ ತಲೆಗೆ ಬಂದಿರಲಿಲ್ಲ.

"ತಪ್ಪಾತು" ಎಂದೆ. "ನಿನ್ನ ಕಲ್ಲು ಯಾವುದಂತ ಸೈತ ನನಗ ಗೊತ್ತಿರಲಿಲ್ಲ."

ಹತ್ತು ಮಂದಿಯ ಮುಂದೆ ಹೇಳಿದೆ. ಹೇಳಿದ ಮೇಲೆ ಹತ್ತು ಮಂದಿ ಇದ್ದಾರೆಂದು ನೆನಪಾಯಿತು. ರೇಣವ್ವ ಕಲ್ಲಿನ ಮೇಲಿನ ಕೈ ತೆಗೆಯಲಿಲ್ಲ. ಅಣ್ಣನ ಕಡೆ ನೋಡಿ ಹೇಳಿದಳು: "ಮಂದಿ ವಸ್ತು ಇದು. ಪದ್ಮವ್ವಗ ಮುಟ್ಟಸಬೇಕು. ಹಬ್ಬ ಆಗಲಿ, ನಾನ ಒಯ್ದು ಕೊಡ್ತೇನಿ."

೧೦ ಆಗಸ್ಟ್, ರವಿವಾರ. ಗುಡೂರು

ಪಂಚಮಿ. ಹೆಂಗಸರು ಜೋಕಾಲಿ ಆಡಿದರು. ನನಗೆ ಎಲ್ಲರೂ ಉಂಡಿ ಕೊಡುವವರೇ, ತವರಿಗೆ ಬಂದ ಮಗಳು ತಿನ್ನಬೇಕು ಎಂದು ಚೇಷ್ಟೆ ಮಾಡುವವರೇ. ಶೇಂಗಾ ಉಂಡಿ ನಾಲ್ಕು, ಎಳ್ಳುಂಡಿ ಮೂರು, ಬೂಂದಿ ಉಂಡಿ ಎರಡು. ರೇಣವ್ವ ಜೋಕಾಲಿಯ ಮೇಲೆ ಹಾಡಿದಳು. ದನಿ ಹೀಗಿತ್ತು, ಹೌದು, ಹೀಗೇ ಇತ್ತು.

೧೨ ಆಗಸ್ಟ್, ಮಂಗಳವಾರ

ನಿನ್ನೆ ಹಬ್ಬದ ಮರುದಿನದ ಕರಿ, ಹೊರಡಬಾರದೆಂದು ನಿಲ್ಲಿಸಿಕೊಂಡರು. ಇವತ್ತು ಬಂದೆವು. ದಾರಿಯಲ್ಲಿ ಇಳಕಲ್ಲಿನಲ್ಲಿ ಮುರ್ತುಜಸಾಬ ಚಹ ಕುಡಿಸಿದ. ಕಲ್ಲು ತಿರುಗಿ ಬಂದದ್ದನ್ನು ಕಂಡು ಒಂದು ಕ್ಷಣ ಅವನ ಮುಖ ಸಣ್ಣದಾಯಿತು, ಹಿಂದೆ ರೇಣವ್ವ ಇಳಿದದ್ದನ್ನು ಕಂಡು ಸರಿಯಾಯಿತು.

ಪದ್ಮವ್ವ ಕಲ್ಲನ್ನು ನೋಡಿದಳು, ರೇಣವ್ವನನ್ನು ನೋಡಿದಳು, ಯಾವುದನ್ನು ಮೊದಲು ಮುಟ್ಟಬೇಕೆಂದು ತಿಳಿಯದೆ ನಿಂತಳು. ಆಮೇಲೆ ಇಬ್ಬರೂ ಸೇರಿ ಹುಲ್ಲಪ್ಪನನ್ನು ಬೈದರು. ನನ್ನ ಪಾಳಿಯೂ ಬಂತು. ಕೆಳಗಲ್ಲು ನೀರಿನಲ್ಲಿಯೇ ಇದೆ, ಮೇಲ್ಗಲ್ಲೊಂದನ್ನೇ ಇಟ್ಟುಕೊಂಡು ಏನು ಬೀಸಲಿ ಎಂದು ಪದ್ಮವ್ವ ಕೇಳಿದಳು. ಬರುವ ಬೇಸಿಗೆಗೆ ನೀರು ಇಳಿಯಲಿ, ಎಲ್ಲ ಒಂದೇ ಸಲ ತೆಗೆಸೋಣ, ದೋಣಿಯಲ್ಲಿ ನಾನೂ ಕೂಡುತ್ತೇನೆ ಎಂದಳು ರೇಣವ್ವ. ಬರುವ ಬೇಸಿಗೆ ಎಂದರೆ ಇನ್ನೂ ಒಂಬತ್ತು ತಿಂಗಳು.

೧೪ ಆಗಸ್ಟ್, ಗುರುವಾರ

ಅಂಟಿಸಿಟ್ಟ ಕಾಗದವನ್ನು ರೇಣವ್ವನಿಗೆ ಬಿಚ್ಚಿ ತೋರಿಸಿದೆ. ಬಾಗಿಲಿನಿಂದ ಒಲೆಯವರೆಗೆ ಹಾಸಿದೆ. ಇದು ಗುಡಿ ಕಟ್ಟೆ, ಇದು ಓಣಿ, ಇದು ನಡುಗೋಡೆ ಎಂದು ಬೆರಳಿಟ್ಟು ಹೇಳುತ್ತಾ ಹೋದೆ. ಎಷ್ಟು ದಿನ ದೋಣಿ ಹೊಡೆಸಿದೆ, ಎಷ್ಟು ಸಲ ತಪ್ಪಿತು, ಎಲ್ಲ ಹೇಳಿದೆ. ಅವಳು ಕಾಗದ ತುಳಿಯದಂತೆ ಗೋಡೆಯ ಪಕ್ಕದಲ್ಲಿಯೇ ನಡೆಯುತ್ತಾ ಕೊನೆಯವರೆಗೆ ನೋಡಿದಳು. ಒಲೆಯ ಹತ್ತಿರ ಬಂದು ನಿಂತಳು.

"ಕಲ್ಲಿನ ಮಾತು ಸಿಟ್ಟಿನಾಗ ಅಂದದ್ದು. ಅದನ್ನ ಮರತು ಬರ್ತೀರಿ ಅಂತ ಮೂರು ವರ್ಷ ದಾರಿ ನೋಡೀನಿ" ಅಂದಳು. "ಗುಡೂರೇನು ನೀರಾಗ ಮುಳುಗಿರಲಿಲ್ಲಲ್ರಿ. ನನ್ನ ಹುಡುಕಾಕ ಒಂದು ಬಸ್ಸು ಸಾಕಾಗಿತ್ತು."

ಸಿಟ್ಟಿಲ್ಲದೆ ಅಂದಳು. ಕಾಗದ ಸುತ್ತಿ ಗೋಡೆಯ ಮಾಡದಲ್ಲಿ ಇಟ್ಟಳು.

ಅವಳ ಮಾತನ್ನು ಅವಳಂದ ಹಾಗೆಯೇ ಬರೆದಿಟ್ಟಿದ್ದೇನೆ. ಒಲೆಯ ಕಡೆಯಿಂದ ಕರೆಯುತ್ತಿದ್ದಾಳೆ. ಗಿರಣಿಯ ಹಿಟ್ಟಿನ ರೊಟ್ಟಿ, ಇವತ್ತು ಹರಿದಿಲ್ಲವಂತೆ. ಡೈರಿಯಲ್ಲಿ ಇನ್ನೂ ಬಹಳ ಹಾಳೆ ಖಾಲಿ ಇವೆ. ನಾಳೆ ಸಂಘಕ್ಕೆ ಕೊಟ್ಟುಬಿಡಬೇಕು, ದಿನಾ ಹಿಡಿದ ಮೀನು ಬರೆದಿಡಲು ಬರುತ್ತದೆ.